ಖಬರಿಲ್ಲದ ಕಾಲಿನ ತಪಸ್ಸು

ಪದ್ಮವ್ವ: ನೆಲದ ಮ್ಯಾಲ ಬಿದ್ದಿದ್ದು ಎಲಿ-ಅಡಕಿ ಉಗುಳಲ್ಲ. ರಕ್ತ. ನಾ ಬೆರಳಿಲೆ ಮುಟ್ಟಿ ನೋಡೇನಿ.

ತಾತ್ಯಾಸಾಹೇಬ: ಬೆಕ್ಕು ಇಲಿ ಹಿಡಕೊಂಡು ಹೋಗಿರತೈತಿ, ಬಿಡು.

ಪದ್ಮವ್ವ: ಬೆಕ್ಕು ಬಾಗಲಾ ತಗದು, ಬಚ್ಚಲದಾಗ ಕಾಲು ತೊಳಕೊಂಡು, ದೇವರ ಖೋಲಿಗೆ ಹೋಗಿ ಕೈ ಮುಗದು, ಆಮ್ಯಾಲ ಗಾದಿ ಮ್ಯಾಲ ಬಂದು ಕುಂತೈತೇನು? ರಕ್ತದ ಕಲಿ ಬಿದ್ದ ದಾರಿ ಹಂಗ ಐತಿ.

ತಾತ್ಯಾಸಾಹೇಬ: ಹಂಗಾದ್ರ ನಿಂದ ಇರಬೇಕು.

ಪದ್ಮವ್ವ: ನನ್ನ ಕಾಲು ನಾ ನೋಡಿಕೊಂಡೇನಿ. ಈ ಮನ್ಯಾಗ ಇನ್ನ ನಿಮ್ಮವು ಎರಡು ಉಳದಾವ. ಕೊಡ್ರಿ ಇಲ್ಲಿ.

೧೯೩೬ನೆಯ ಇಸವಿಯ ಬೇಸಗೆ. ಗೋಕಾಕ, ಅಂದರೆ ಜನರ ಬಾಯಿಯ ಗೋಕಾವಿ, ತಾಲೂಕಿನ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ ತಾತ್ಯಾಸಾಹೇಬರ ಪಡಸಾಲೆ. ಹೆಂಡತಿಯ ಬೇಡಿಕೆಯನ್ನು ಕೇಳಿದೊಡನೆ ಯಜಮಾನರು ಎರಡೂ ಪಾದಗಳನ್ನು ಧೋತರದೊಳಗೆ ಸೇರಿಸಿಕೊಂಡು, ಕಾಲು ಮಡಚಿ ಕುಳಿತರು. ಹೊಟ್ಟೆಯ ಗಾತ್ರದಿಂದಾಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವ ಅನುಕೂಲ ಅವರಿಗೆ ಬಹುಕಾಲದಿಂದ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ತಾತ್ಯಾಸಾಹೇಬ: ಗಾಯ ಆಗಿದ್ರ ನೋಯಬೇಕಲ್ಲ? ನೋವಿಲ್ಲ. ಅಂದ್ರ ಗಾಯ ಇಲ್ಲ. ಇದಕ್ಕ ತರ್ಕ ಅಂತಾರ.

ಪದ್ಮವ್ವ: ಇದಕ್ಕ ಗೋಕಾವಿ ಡಾಕ್ಟರು ಬ್ಯಾರೆ ಹೆಸರು ಹೇಳ್ಯಾರ. ಸಿಹಿಮೂತ್ರದ ಬ್ಯಾನಿ ಐತಿ, ಕಾಲಿನ ಖಬರ ಹೋಗಾಕತ್ತೈತಿ, ಗಾಯ ಆದ್ರೂ ತಿಳಿಯೂದಿಲ್ಲ, ದಿನಾ ಸಂಜೀಕ ಅಂಗಾಲು ಯಾರಿಗಾದ್ರೂ ತೋರಸ್ರಿ ಅಂತ ಹೇಳಿದ್ರೋ ಇಲ್ಲೋ?

ತಾತ್ಯಾಸಾಹೇಬ: ಅಂವಾ ನೀಲಿ ಔಷಧ ದೀಪದ ಮ್ಯಾಲ ಕಾಸಿದ. ಅದು ಇಟ್ಟಂಗಿ ಬಣ್ಣ ಆತು. ಬಣ್ಣ ಕೆಟ್ಟಿದ್ದು ಅವನ ಔಷಧದ್ದು. ದೋಷ ನನ್ನ ಮ್ಯಾಲ ಯಾಕ?

ಪದ್ಮವ್ವ: ಅದರಾಗ ಹಾಕಿದ್ದು ಯಾರ ಮೂತ್ರ?

ತಾತ್ಯಾಸಾಹೇಬ: ಅದು ಇರಲಿ. ಬೆಲ್ಲ ಬಿಡ್ರಿ ಅಂತಾನ. ಬೆಲ್ಲದ ವ್ಯಾಪಾರಿಗೆ ಹೇಳೂ ಮಾತೇನು ಇದು? ನಾ ರುಚಿ ನೋಡದ ಬೆಲ್ಲದ ಪೆಂಟಿ ಪ್ಯಾಟ್ಯಾಗ ಯಾರ ಮುಟ್ಟತಾರ?

ಪದ್ಮವ್ವ: ರುಚಿ ನೋಡಾಕ ಉಗುರಿನಷ್ಟು ಸಾಕು. ನೀವು ನೋಡೂ ರುಚಿಗೆ ಪೆಂಟಿ ನಡುವ ಬಾವಿ ಬೀಳತೈತಿ.

ತಾತ್ಯಾಸಾಹೇಬ: ಪದ್ಮಾ, ನಿನಗ ತಿಳಿಯೂದಿಲ್ಲ. ಇದು ಬ್ಯಾನಿ ಅಲ್ಲ. ಮೊನ್ನಿ ಬಸದಿ ಅಂಗಳದಾಗ ಏನಾತು ಅಂತ ಊರೆಲ್ಲಾ ನೋಡೇತಿ. ಹೊತ್ತು ನೆತ್ತಿ ಮ್ಯಾಲಿತ್ತು, ಹಾಸಗಲ್ಲು ಹಂಚಿನಂಗ ಕಾದಿತ್ತು. ಮಂದಿ ಒಂದ ಕಾಲು ಎತ್ತಿ ಒಂದ ಕಾಲು ಇಡಾಕತ್ತಿದ್ರು. ನಾ ಕಾಯೋತ್ಸರ್ಗ ಮಾಡಿ ನಿಂತೆ. ದೇಹ ನಂದಲ್ಲ ಅಂತ ಬಿಟ್ಟು ನಿಂತೆ. ಅಲಗಲಿಲ್ಲ. ದೇಹದ ಮೋಹ ಹರದೈತಿ.

ಪದ್ಮವ್ವ: ಎಲ್ಲೀಮಟ ಹರದೈತಿ?

ತಾತ್ಯಾಸಾಹೇಬ: ಅಂಗಾಲಿನಿಂದ ಮೊಳಕಾಲಿನಮಟ.

ಪದ್ಮವ್ವ: ನಾಲಿಗಿಗೆ ಯಾವಾಗ ಮುಟ್ಟತೈತಿ? ನಿನ್ನಿ ಹೋಳಿಗಿ ಮ್ಯಾಲ ಮತ್ತ ಬೆಲ್ಲದ ಪಾಕ ಸುರವಿಕೊಂಡ್ರಲ್ಲ.

ತಾತ್ಯಾಸಾಹೇಬ: ವೈರಾಗ್ಯ ಒಮ್ಮಿಗೇ ಬರೂದಿಲ್ಲ. ಕೆಳಗಿನಿಂದ ಏರತೈತಿ.

ಪದ್ಮವ್ವ: ಆವತ್ತ ಪ್ಯಾಟ್ಯಾಗ ಒಂದು ಚಪ್ಪಲಿ ಕಳಚಿ ಬಿದ್ರೂ ತಿಳೀದ ಮನೀಮಟ ಬಂದ್ರಿ. ಹಿಂದ ಬಂದವರು ತಂದು ಕೊಟ್ಟು ನಕ್ಕು ಹೋದ್ರು. ಅದೂ ವೈರಾಗ್ಯನೇನು?

ತಾತ್ಯಾಸಾಹೇಬ: ಅಪರಿಗ್ರಹ.

ಪದ್ಮವ್ವ: ಅಪರಿಗ್ರಹ ಮಾಡಿದ ಚಪ್ಪಲಿ ಮರುದಿನಾ ಮತ್ತ ಯಾಕ ಮೆಟ್ಟಿದ್ರಿ? ನಗೂ ಮಾತಲ್ಲರಿ ಇದು. ಹುಕ್ಕೇರಿ ಆದಿನಾಥ ಮಾಮಾಗೂ ಕೆಳಗಿನಿಂದನ ಏರಿತ್ತು. ಹೆಬ್ಬೆರಳಿಗೆ ಒಂದು ಗುಳ್ಳಿ. ನೋವಿಲ್ಲ ಅಂತ ಬಿಟ್ರು. ಕೊಳತು ಮ್ಯಾಲ ಹತ್ತಿ, ಕಾಲು ಕೊಯ್ದು ತಗದ್ರು. ಈಗ ಚಪ್ಪಲಿ ಹೊಲಸಾಕ ಹೋದ್ರ ಒಂದ ಹೊಲಸ್ತಾರ.

ಅಷ್ಟರಲ್ಲಿ ಬಾಗಿಲಲ್ಲಿ ದಾದಾಸಾಹೇಬರು ಕಾಣಿಸಿಕೊಂಡರು. ಇವರು ಅರಿವೆ ಅಂಗಡಿಯವರು, ಬಸದಿಯ ಪಂಚರಲ್ಲಿ ಒಬ್ಬರು, ತಾತ್ಯಾಸಾಹೇಬರೊಡನೆ ಒಂದೇ ಸಾಲೆಯಲ್ಲಿ ಮಾಸ್ತರರ ಹೊಡೆತ ತಿಂದವರು. ಮೊನ್ನೆಯವರೆಗೆ ಹೊಸ್ತಿಲು ದಾಟುವ ಮೊದಲೇ ‘ಲೇ ತಾತ್ಯಾ’ ಎಂದು ಕೂಗುತ್ತಿದ್ದ ಈ ಮನುಷ್ಯ ಇಂದು ಹೊರಗೇ ನಿಂತು ಕೈ ಮುಗಿದರು.

ದಾದಾಸಾಹೇಬ: ತಮ್ಮ ಅಪ್ಪಣಿ ಆದ್ರ ಒಳಗ ಬರತೇನಿ, ತಾತ್ಯಾಸಾಹೇಬ್ರ.

ತಾತ್ಯಾಸಾಹೇಬ: ಏನಾಗೇತಿ ನಿನಗ? ಬಾ, ಕುಂಡರು.

ದಾದಾಸಾಹೇಬ: ಮೊದಲ ತಮ್ಮ ಪಾದ ತೋರಸ್ರಿ. ನಮಸ್ಕಾರ ಮಾಡತೇನಿ.

ಪದ್ಮವ್ವ: ತೋರಸ್ರಿ. ನಾನೂ ಮುಂಜಾನಿಂದ ಅದನ್ನ ಬೇಡಾಕತ್ತೇನಿ.

ಪಾದಗಳು ಧೋತರದೊಳಗೆ ಇನ್ನಷ್ಟು ಆಳಕ್ಕೆ ಸರಿದವು.

ದಾದಾಸಾಹೇಬ: ಪಂಚರು ಕೂಡಿ ಠರಾವು ಮಾಡ್ಯಾರ. ನಾಳಿ ಮುಂಜಾನಿ ತವನಿಧಿ ಬಸದಿಗೆ ಯಾತ್ರಾ. ಗೋಕಾವಿ ಮ್ಯಾಲ ಹಾದು, ಹುಕ್ಕೇರಿ ಮ್ಯಾಲ ಹಾದು ಹೋಗೂದು. ಎಲ್ಲಾರೂ ಬರಿಗಾಲಿಲೆ. ಎಲ್ಲಾರಿಗಿಂತ ಮುಂದ ತಾವು.

ತಾತ್ಯಾಸಾಹೇಬ: ಮುಂದ ಅಂದ್ರ, ಬಾಜಾದವರಿಗಿಂತ ಮುಂದೋ, ಹಿಂದೋ?

ದಾದಾಸಾಹೇಬ: ಬಾಜಾದವರಿಗಿಂತ ಮುಂದ. ಬಾಜೂ ಊರು ಕೌಜಲಗಿಯವರು ಬಂದು ಕಣ್ಣು ತುಂಬ ನೋಡಲಿ. ಅವರ ಊರಾಗ ಒಬ್ಬ ಉಪವಾಸದವ ಅದಾನ ಅಂತ ಏನ ಗರ್ವ ಅವರಿಗೆ. ಪ್ಯಾಟ್ಯಾಗ ಭೆಟ್ಟಿ ಆದ್ರ ಮಾತು ಸುರು ಮಾಡೂದ ಅವನಿಂದ. ನಮಗ ಹೇಳಿಕೊಳ್ಳಾಕ ಬೆಲ್ಲ ಬಿಟ್ಟು ಏನಿತ್ತು?

ಪದ್ಮವ್ವ: ಅಂದ್ರ ಕೌಜಲಗಿಯವರ ಮುಂದ ಮೆರಸಾಕ ನನ್ನ ಗಂಡನ ಕಾಲು ಬೇಕು.

ದಾದಾಸಾಹೇಬ: ಅವರು ನಂಬದಿದ್ರ ಪಾದದ ಮ್ಯಾಲ ಒಂದು ಕೆಂಡ ಇಟ್ಟೂ ತೋರಸಬಹುದು, ವೈನಿ. ಇವರಿಗೆ ಏನೂ ಆಗೂದಿಲ್ಲ.

ಪದ್ಮವ್ವ: ಮೊದಲ ಆ ಕೆಂಡ ನಿಮ್ಮ ತಲಿ ಮ್ಯಾಲ ಇಟ್ಟು ನೋಡೂಣು. ಅಲ್ಲೂ ಖಬರ ಇದ್ದಂಗ ಕಾಣಂಗಿಲ್ಲ.

ದಾದಾಸಾಹೇಬ: ಹಂಗ ಅನಬ್ಯಾಡ್ರಿ. ಆ ಕಾದ ಕಲ್ಲಿನ ಮ್ಯಾಲ ನಾವೆಲ್ಲಾ ಕುಣದ್ವಿ, ಇವರೊಬ್ಬರ ನಿಂತ್ರು. ಇದು ತಪ ಅಲ್ಲೇನು?

ಪದ್ಮವ್ವ: ಸುಡತೈತಿ ಅಂತ ತಿಳದು, ತಿಳದೂ ನಿಂತ್ರ ಅದು ತಪ. ನಮ್ಮ ಮುನಿಗಳು ಹಂಗ ನಿಂತಾರ, ಅವರಿಗೆ ನಾ ಕೈ ಮುಗೀತೇನಿ. ಸುಡೂದ ತಿಳೀದಿದ್ರ ಅದು ರೋಗ. ಇಲ್ಲಂದ್ರ ಬಸದಿ ಕಂಬ ಇವರಕಿಂತ ದೊಡ್ಡ ತಪಸ್ವಿ ಆಗಬೇಕು. ಅದು ಇವರಕಿಂತ ಮೊದಲಿಂದ ನಿಂತೈತಿ.

ತಾತ್ಯಾಸಾಹೇಬ: ಕಂಬಕ್ಕ ಜೀವ ಎಲ್ಲೈತಿ?

ಪದ್ಮವ್ವ: ನಿಮ್ಮ ಕಾಲಾಗ ಎಷ್ಟ ಉಳದೈತಿ ಅನ್ನೂದನ್ನ ಡಾಕ್ಟರು ಹೇಳಲಿ. ಆಳು ಮಾಲಿಂಗಪ್ಪಗ ಗಾಡಿ ಹೂಡು ಅಂತ ಹೇಳೇನಿ. ಗೋಕಾವಿಗೆ ಹೋಗೂಣು.

ತಾತ್ಯಾಸಾಹೇಬ: ನಾ ಗೋಕಾವಿಗೆ ಹೋದ್ರ ಬಾಜಾ ಮುಂದಿಟ್ಟುಕೊಂಡ ಹೋಗಾಂವ.

ದಾದಾಸಾಹೇಬ: ಮುಂದಿಟ್ಟುಕೊಂಡಲ್ಲ, ಹಿಂದಿಟ್ಟುಕೊಂಡು. ಬಾಜಾ ಹಿಂದ ಅಂತ ಈಗ ಹೇಳಿದೆನಲ್ಲ. ಇನ್ನೊಂದು ಸಣ್ಣ ಮಾತು ಉಳೀತು. ಬಸದಿಗೆ ಬಂದಿರೂ ಬ್ರಹ್ಮಚಾರಿಗಳು ತಮ್ಮ ಸುದ್ದಿ ಕೇಳಿ ಭಾಳ ಸಂತೋಷಪಟ್ರು. ದೇಹದ ಮೋಹ ಬಿಟ್ಟವರಿಗೆ ರಸದ ಮೋಹ ಯಾಕ, ಯಾತ್ರಾದ ಮುಂದಾಳು ರಸತ್ಯಾಗದ ವ್ರತ ತಗೋಳ್ಳಲಿ ಅಂದ್ರು.

ತಾತ್ಯಾಸಾಹೇಬ: ಯಾವ ರಸ?

ದಾದಾಸಾಹೇಬ: ಹಾಲು, ಮೊಸರು, ತುಪ್ಪ, ಎಣ್ಣಿ, ಉಪ್ಪು, ಸಿಹಿ. ಎಲ್ಲಾ ಬ್ಯಾಡ. ಒಂದ ಬಿಟ್ರ ಸಾಕು.

ತಾತ್ಯಾಸಾಹೇಬ: ಉಪ್ಪು ಬಿಟ್ಟೆ. ಹೋಗಿ ಹೇಳು.

ದಾದಾಸಾಹೇಬ: ಹಂಗ ಆರಸಾಕ ಬರೂದಿಲ್ಲ. ಯಾವುದರ ಮ್ಯಾಲ ಪ್ರೀತಿ ಹೆಚ್ಚೋ ಅದನ್ನ ಬಿಡಬೇಕು. ಯಾವುದು ಅಂತ ಕೇಳಿದ್ರು. ಸಿಹಿ ಅಂತ ನಾನ ಹೇಳಿದೆ. ಸಣ್ಣಂದಿನ ದೋಸ್ತಿ, ಬ್ರಹ್ಮಚಾರಿಗಳ ಮುಂದ ಸುಳ್ಳು ಹೇಳಾಕ ಬಾಯಿ ಬರಲಿಲ್ಲ.

ತಾತ್ಯಾಸಾಹೇಬ: ಯಾತ್ರಾ ಮುಗಿಯೂಮಟ ಅಷ್ಟನ ಹೌದಲ್ಲ?

ದಾದಾಸಾಹೇಬ: ಜೀವ ಇರೂಮಟ.

ಹಾಸಗಲ್ಲಿನ ಕಾವಿಗೆ ಅಲುಗದಿದ್ದ ತಾತ್ಯಾಸಾಹೇಬರು ಈಗ ಕುಳಿತಲ್ಲಿಯೇ ಸ್ಪಷ್ಟವಾಗಿ ಅಲುಗಿದರು.

ಪದ್ಮವ್ವ: ವ್ರತಕ್ಕ ನನ್ನ ಒಪ್ಪಿಗಿ ಐತಿ. ನಡಿಯೂದಕ್ಕ ಇಲ್ಲ.

ದಾದಾಸಾಹೇಬ: ಅವು ಎರಡೂ ಕೂಡೇ ಬರತಾವ, ವೈನಿ.

ಪದ್ಮವ್ವ: ಡಾಕ್ಟರು ಹೇಳಿದ್ದೂ ಸಿಹಿ ಬಿಡ್ರಿ ಅಂತನ. ತಪಸ್ವಿ ಆದ್ರೂ ಸಿಹಿ ಇಲ್ಲ, ರೋಗಿ ಆದ್ರೂ ಸಿಹಿ ಇಲ್ಲ. ರೋಗಿ ಆದ್ರ ಕಾಲಾದ್ರೂ ಉಳೀತೈತಿ. ಹೇಳ್ರಿ, ಯಾವುದ ಆಗತೀರಿ?

ತಾತ್ಯಾಸಾಹೇಬ: ಎರಡೂ ಅಲ್ಲ. ನಾ ಸಾದಾ ಮನಷ್ಯಾ.

ದಾದಾಸಾಹೇಬ: ಸಾದಾ ಮನಷ್ಯಾ ಆ ಕಲ್ಲಿನ ಮ್ಯಾಲ ನಿಂದ್ರತಾನೇನು?

ತಾತ್ಯಾಸಾಹೇಬ: ಆವತ್ತ ಭಾಳ ಸುಟ್ಟಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟ. ಈಗ ಖರೆ ಹೇಳತೇನಿ. ನನ್ನ ಕಾಲಿಗೆ ಎಲ್ಲಾ ತಿಳೀತೈತಿ. ಬಿಸಿ, ತಂಪು, ಮುಳ್ಳು, ಹಳ್ಳು, ಎಲ್ಲಾ.

ಸ್ವಲ್ಪ ಹೊತ್ತಿನ ಹಿಂದೆ ಇದೇ ಗಾದಿಯ ಮೇಲೆ ಕುಳಿತು ಇದೇ ವ್ಯಕ್ತಿ ಇದಕ್ಕೆ ಪೂರ್ಣ ವಿರುದ್ಧವಾದ ಹೇಳಿಕೆಯನ್ನು ಕೊಟ್ಟಿದ್ದರು. ಅದರ ಗುರುತು ಮುಖದ ಮೇಲೆ ಎಲ್ಲಿಯೂ ಇರಲಿಲ್ಲ.

ಪದ್ಮವ್ವ: ಎಲ್ಲಾ ತಿಳೀತೈತಿ?

ತಾತ್ಯಾಸಾಹೇಬ: ಎಲ್ಲಾ. ಈಗ ನೋಡು, ಗಾಯ ಉರಿಯಾಕತ್ತೈತಿ. ಮುಂಜಾನಿಂದ ತಡಕೊಂಡು ಕುಂತೇನಿ.

ಪದ್ಮವ್ವ: ಗಾಯನ ಇಲ್ಲ ಅಂದ್ರಲ್ಲ?

ತಾತ್ಯಾಸಾಹೇಬ: ನೀ ಹೆದರಬಾರದು ಅಂತ ಅಂದೆ.

ಪದ್ಮವ್ವ: ಎಷ್ಟ ಕಾಳಜಿ ನನ್ನ ಮ್ಯಾಲ. ಯಾವ ಕಾಲು?

ತಾತ್ಯಾಸಾಹೇಬ: ಯಾವ ಕಾಲು ಅಂದ್ರ?

ಪದ್ಮವ್ವ: ಉರಿಯಾಕತ್ತಿದ್ದು ಯಾವ ಕಾಲು?

ತಾತ್ಯಾಸಾಹೇಬರು ನೆಲದ ಮೇಲಿನ ಕಲೆಗಳನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಸಹಾಯಕ್ಕಾಗಿ ದಾದಾಸಾಹೇಬರನ್ನು ನೋಡಿದರು. ಅನಂತರ ನಿರ್ಧಾರ ಮಾಡಿದವರಂತೆ ಬಲಗಾಲನ್ನು ಎರಡೂ ಕೈಗಳಿಂದ ಹಿಡಿದು ಮುಖ ಕಿವುಚಿದರು.

ತಾತ್ಯಾಸಾಹೇಬ: ಇದು. ಅಬಬಾ. ಗಾಳಿ ತಾಗಿದ್ರೂ ಜೀವ ಹೋಗತೈತಿ.

ಪದ್ಮವ್ವನವರು ಬಲಗಾಲನ್ನು ಬೆಳಕಿಗೆ ಹಿಡಿದು ನೋಡಿದರು. ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅದನ್ನು ಮೆಲ್ಲಗೆ ಕೆಳಗಿಟ್ಟು, ಎಡಗಾಲನ್ನು ಹೊರಗೆ ಎಳೆದರು. ಹಿಮ್ಮಡಿಯಲ್ಲಿ ಬೆಲ್ಲದ ಪೆಟ್ಟಿಗೆಯ ಒಂದು ಮೊಳೆ ತಲೆಯವರೆಗೆ ಹೊಕ್ಕು ಕುಳಿತಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು.

ದಾದಾಸಾಹೇಬ: ಲೇ ತಾತ್ಯಾ. ಅಲ್ಲಿ ಮೊಳಿ ಐತಲ್ಲೋ.

ಪದ್ಮವ್ವ: ಮುಂಜಾನಿಂದ ನೆಲಾ ಟಕ್ ಟಕ್ ಅನ್ನಾಕತ್ತಿತ್ತು. ಬಾಜೂ ಮನ್ಯಾಗ ಬಡಿಗ್ಯಾ ಬಂದಾನ ಅನಕೊಂಡಿದ್ದೆ.

ತಾತ್ಯಾಸಾಹೇಬರು ಮುಂದಕ್ಕೆ ಬಾಗಿದರು. ಹೊಟ್ಟೆ ಅಡ್ಡ ಬಂತು, ಕಾಣಲಿಲ್ಲ.

ತಾತ್ಯಾಸಾಹೇಬ: ಖರೇನ ಐತೇನು? ಮುಟ್ಟಿ ನೋಡು.

ಪದ್ಮವ್ವ: ಮುಟ್ಟೇನಿ.

ತಾತ್ಯಾಸಾಹೇಬ: ಇನ್ನೊಮ್ಮೆ ಮುಟ್ಟು.

ಪದ್ಮವ್ವ: ಬೆರಳು ಅದರ ಬಾಜೂಕ ಐತಿ. ಒತ್ತಿ ಹಿಡದೇನಿ.

ತಾತ್ಯಾಸಾಹೇಬರು ಬಹಳ ಹೊತ್ತು ಕಾದರು. ಬರಬೇಕಾದದ್ದು ಬರಲಿಲ್ಲ. ಅಂದಿನ ದಿನ ಅವರ ಮುಖದ ಮೇಲೆ ನಟನೆಯಿಲ್ಲದ ಭಾವ ಕಂಡದ್ದು ಆಗ ಮಾತ್ರ.

ತಾತ್ಯಾಸಾಹೇಬ: ಮಾಲಿಂಗಪ್ಪ ಗಾಡಿ ಹೂಡಿದನೇನು, ನೋಡು.

ಪದ್ಮವ್ವ: ಹೂಡ್ಯಾನ. ಮೊಳಿ ನಾ ಕೀಳಾಂಗಿಲ್ಲ, ಡಾಕ್ಟರು ಕೀಳಲಿ. ಅರಿವಿ ಸುತ್ತತೇನಿ. ನೀವು ನೆಲಕ್ಕ ಕಾಲು ಊರಬ್ಯಾಡ್ರಿ.

ದಾದಾಸಾಹೇಬ: ಅಲ್ಲ, ನಾಳಿ ಯಾತ್ರಾದ ಗತಿ ಏನು? ಬಾಜಾದವರು ಬಂದು ಇಳದಾರ. ಕೌಜಲಗಿಗೆ ನಾನ ಖುದ್ದ ಹೋಗಿ ಹೇಳಿ ಬಂದೇನಿ. ಮುಂದ ಯಾರ ನಡೀಬೇಕು?

ಪದ್ಮವ್ವ: ನೀವ ನಡೀರಿ.

ದಾದಾಸಾಹೇಬ: ನಾನಾ? ಈ ಬಿಸಲಾಗ, ಬರಿಗಾಲಿಲೆ, ಹುಕ್ಕೇರಿ ದಾಟಿ? ನನಗ ಕಲ್ಲು ಸುಡತಾವ, ವೈನಿ. ಮುಳ್ಳು ಚುಚ್ಚತಾವ. ಭಾಳ ನಾಜೂಕ ಕಾಲು ನನ್ನವು.

ಪದ್ಮವ್ವ: ಹಂಗಾದ್ರ ನಿಮ್ಮಂಥಾ ಯೋಗ್ಯ ಮನಷ್ಯಾ ಊರಾಗ ಇನ್ನೊಬ್ಬಿಲ್ಲ. ನೀವು ನಡದ್ರ ಅದು ಖರೇ ತಪ. ಪಂಚರಿಗೆ ನಾನ ಹೇಳಿ ಕಳಸತೇನಿ.

ಹೊರಗೆ ಎತ್ತಿನ ಕೊರಳ ಗೆಜ್ಜೆ ಸಪ್ಪಳವಾಯಿತು. ದಾದಾಸಾಹೇಬರು ಒಮ್ಮೆ ಬಸದಿಯ ದಿಕ್ಕಿಗೂ ಒಮ್ಮೆ ಗಾಡಿಯ ದಿಕ್ಕಿಗೂ ನೋಡಿ, ದನಿ ತಗ್ಗಿಸಿ ಕೇಳಿದರು.

ದಾದಾಸಾಹೇಬ: ವೈನಿ, ಗಾಡ್ಯಾಗ ಇನ್ನೊಬ್ಬರಿಗೆ ಜಾಗಾ ಆಗತೈತೇನು?