ಬಚ್ಚಲಲ್ಲಿ ಬಿದ್ದ ಬೈಕು

ನನ್ನ ವಿಷಯ ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೊಸ ಸೀರೆ ತಂದರೆ ಒಂದು ತಿಂಗಳು ಬೀರುವಿನಲ್ಲಿಟ್ಟು, ಮಡಿಕೆಯ ಗೆರೆ ಹಳತಾದ ಮೇಲೆ ಉಡುತ್ತಿದ್ದೆ. ದಿನಕ್ಕೆ ಎರಡೇ ಸಾಲು ಬರೆಯುವ ಡೈರಿಗೂ ಟ್ರಂಕಿನಲ್ಲಿ ಬೀಗ. ನಂಜನಗೂಡಿನ ನಮ್ಮ ಬೀದಿಯಲ್ಲಿ ಇಪ್ಪತ್ತಾರು ವರ್ಷ ಹೀಗೆ ಸದ್ದಿಲ್ಲದೆ ಬದುಕಿದವಳ ಗುಟ್ಟನ್ನು ವಿಮೆ ಕಂಪನಿಯೊಂದು ಬೀದಿಯ ನಡುವೆ ನಿಲ್ಲಿಸಿ ವಿಚಾರಿಸಿತು ಎಂದರೆ ನನ್ನ ಗತಿ ಏನಾಗಿರಬೇಕು, ನೀವೇ ಊಹಿಸಿ.

ಆಗ ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಓಡಾಟವೆಲ್ಲ ಬಸ್ಸಿನಲ್ಲಿ. ವಿಶೇಷ ತರಗತಿ ಮುಗಿಯುವಷ್ಟರಲ್ಲಿ ಬಸ್ಸು ತಪ್ಪಿಹೋದ ದಿನ ಮಾತ್ರ ರಸಾಯನಶಾಸ್ತ್ರದ ಮಹದೇವಸ್ವಾಮಿಯವರ ಬೈಕು. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಇಬ್ಬರು ಮಕ್ಕಳ ತಂದೆ, ಎತ್ತಿನ ಗಾಡಿಗೂ ಹಾರ್ನ್ ಹೊಡೆದು ಕ್ಷಮೆ ಕೇಳುವ ಸ್ವಭಾವದವರು. ನಮ್ಮಿಬ್ಬರ ನಡುವೆ ಉತ್ತರ ಪತ್ರಿಕೆಗಳ ದಪ್ಪ ಚೀಲವೊಂದು ಯಾವಾಗಲೂ ಗೋಡೆಯಂತೆ ಕೂತಿರುತ್ತಿತ್ತು. ಇಷ್ಟಾದರೂ ನಾನು ಮನೆಯವರೆಗೆ ಹೋಗದೆ ಅಕ್ಕಿ ಗಿರಣಿಯ ಮೂಲೆಯಲ್ಲೇ ಇಳಿದು, ಬಸ್ಸಿನಿಂದ ಇಳಿದು ಬಂದವಳ ಆಯಾಸವನ್ನು ಮುಖಕ್ಕೆ ತಂದುಕೊಂಡು ನಡೆಯುತ್ತಿದ್ದೆ.

ನಮ್ಮ ಕಡೆ ಹುರುಳಿ ಕೊಯ್ಲಾದರೆ ಕಣ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಟಾರು ರಸ್ತೆಯ ಮೇಲೆ ಹರವಿಬಿಡುತ್ತಾರೆ. ಬಸ್ಸು, ಲಾರಿಗಳು ಓಡಾಡಿ ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಅವತ್ತು ನಂಜನಗೂಡು ಇನ್ನೆರಡು ಮೈಲಿ ಇರುವಾಗ ನಾವೂ ಒಕ್ಕಣೆ ಮಾಡಿಕೊಟ್ಟೆವು. ಬೈಕು ಜಾರಿತು. ಉತ್ತರ ಪತ್ರಿಕೆಗಳು ಹುರುಳಿಯ ಮೇಲೆ, ನಾನು ಉತ್ತರ ಪತ್ರಿಕೆಗಳ ಮೇಲೆ, ನನ್ನ ಬಲಗಾಲಿನ ಮೇಲೆ ಬೈಕು. ಹುರುಳಿಯ ಯಜಮಾನರು ಓಡಿಬಂದು, "ಅಯ್ಯೋ ಶಿವ್ನೆ, ಕಾಳ್ ಮ್ಯಾಲೆ ರಕ್ತ ಬೀಳ್ದಂಗೆ ಏಳಿ ತಾಯಿ" ಎಂದರು. ಏಳಲು ಆಗಲಿಲ್ಲ. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಯಾವುದೋ ವ್ಯಾನು ನನ್ನನ್ನು ಆಸ್ಪತ್ರೆಗೆ ಸೇರಿಸಿತು.

ಆಸ್ಪತ್ರೆಗೆ ಬಂದ ಅಮ್ಮ ನನ್ನ ಕಾಲು ನೋಡಿ ಅತ್ತು, ಕಣ್ಣೊರೆಸಿಕೊಂಡು, ನಾನು ಬಾಯಿ ಬಿಡುವ ಮೊದಲೇ ಡಾಕ್ಟರಿಗೆ ಹೇಳಿದರು: "ಬಚ್ಚಲಲ್ಲಿ ಜಾರಿಬಿದ್ಲು ಸಾರ್." ಡಾಕ್ಟರು ಹಾಗೆಯೇ ಬರೆದುಕೊಂಡರು. ಆಮೇಲೆ ನನ್ನ ಕಿವಿಯಲ್ಲಿ, "ಭಾನುವಾರ ಬನ್ನೂರಿನವರು ಹೆಣ್ಣು ನೋಡಕ್ಕೆ ಬರ್ತಾರೆ. ಯಾರದೋ ಬೈಕಿಂದ ಬಿದ್ಲು ಅಂತ ಹೇಳಕ್ಕಾಗುತ್ತಾ?" ಎಂದರು. ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ದೊಡ್ಡವರಲ್ಲವೇ ಅಮ್ಮ ಎಂದೆ. "ಅದೇನು ಬೈಕಿನ ನಂಬರ್ ಪ್ಲೇಟ್ ಮೇಲೆ ಬರ್ದಿರುತ್ತಾ?" ಎಂದರು. ಬನ್ನೂರಿನವರು ಬರಲೇ ಇಲ್ಲ. ಬಚ್ಚಲಲ್ಲೇ ನೆಟ್ಟಗೆ ನಿಲ್ಲಲಾರದ ಹುಡುಗಿ ಗದ್ದೆ ಬದುವಿನ ಮೇಲೆ ಹೇಗೆ ನಡೆದಾಳು ಎಂದರಂತೆ.

ಕಾಲಿಗೆ ಕಂಬಿ ಹಾಕಿಸುವಷ್ಟರಲ್ಲಿ ಅಮ್ಮನ ಬಳೆಗಳು ಗಿರವಿಗೆ ಹೋಗಿದ್ದವು. ಕಂಬಿ ತೆಗೆಸುವ ಆಪರೇಷನ್ ಇನ್ನೂ ಬಾಕಿ. ಅಂಥ ಹೊತ್ತಿನಲ್ಲಿ ಮಹದೇವಸ್ವಾಮಿಯವರು ಬಂದು, ತಮ್ಮ ಬೈಕಿನ ವಿಮೆಯಲ್ಲಿ ಹಿಂದೆ ಕೂತವರಿಗೂ ಪರಿಹಾರವಿದೆ ಎಂದು ಹೇಳಿ, ಅರ್ಜಿ ಹಾಕಿಸಿದರು. ಒಂದು ದಿನ ಬೆಳಿಗ್ಗೆ ಕಂದು ಚೀಲ ಹಿಡಿದ ತನಿಖೆಯವರು ಬಂದೇಬಿಟ್ಟರು. ಆಸ್ಪತ್ರೆಯ ಕಾಗದದಲ್ಲಿ ಬಚ್ಚಲು ಇದೆ, ಅರ್ಜಿಯಲ್ಲಿ ಬೈಕು ಇದೆ. ಹುರುಳಿಯವರನ್ನು ಕೇಳಿದರೆ ತಾವು ರಸ್ತೆಗೆ ಹುರುಳಿ ಹಾಕಿಯೇ ಇಲ್ಲ ಎನ್ನುತ್ತಾರೆ. ಇದು ಸುಳ್ಳು ಅರ್ಜಿ ಎಂದಾದರೆ ಮೇಷ್ಟ್ರ ಮೇಲೂ ಕೇಸಾಗುತ್ತದೆ ಎಂದು ನಯವಾಗಿ ಹೇಳಿದರು. ಎಷ್ಟು ಸಲ ಆ ಬೈಕಿನಲ್ಲಿ ಬಂದಿದ್ದೀರಿ ಎಂದು ಕೇಳಿದರು. "ಮೂರು" ಎಂದೆ, ಗಣಿತದವಳ ಖಚಿತ ದನಿಯಲ್ಲಿ. ಬರೆದುಕೊಂಡು ಬೀದಿಗಿಳಿದರು. ನಾನು ಕಿಟಕಿಯ ಹಿಂದೆ ಕೂತೆ.

ಎದುರು ಮನೆಯ ಪುಟ್ಟತಾಯಮ್ಮ ಸೊಪ್ಪು ಸೋಸುತ್ತಿದ್ದರು. "ಊ ಕಣ್ಸಾ, ಬಚ್ಚಲಲ್ಲೇ ಬಿದ್ದದ್ದು. ದಡಾರ್ ಅಂತ ಸದ್ದು ನಮ್ಮನೆಗಂಟ ಕೇಳುಸ್ತು. ನಾನೇ ಓಡೋಗಿ ಎತ್ತಿ ಜಗ್ಲಿ ಮ್ಯಾಲೆ ಕೂರ್ಸುದ್ದು" ಎಂದರು. ಗಿರಣಿ ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ಶಿವಣ್ಣ ಅಲ್ಲಿಗೇ ಬಂದು, "ಆ ಬಚ್ಚಲ ಕಲ್ಲೇ ಅಂಗೆ ಸಾ, ಪಾಚಿ" ಎಂದರು. ನಮ್ಮ ಬಚ್ಚಲಿನ ಕಲ್ಲನ್ನು ಅವರು ಯಾವ ಜನ್ಮದಲ್ಲಿ ನೋಡಿದ್ದರೋ! ಮಾನ ಉಳಿಸಿಕೊಳ್ಳಲೇ, ಕಾಲು ಉಳಿಸಿಕೊಳ್ಳಲೇ? ಮಹದೇವಸ್ವಾಮಿಯವರ ಮುಖ ನೆನಪಾಯಿತು. ಊರುಗೋಲು ಎತ್ತಿಕೊಂಡು ಬಾಗಿಲಿಗೆ ಬಂದು, ಜೀವನದಲ್ಲಿ ಮೊದಲ ಸಲ ಬೀದಿಗೆ ಕೇಳುವಂತೆ ಹೇಳಿದೆ: "ನಾನು ಬಚ್ಚಲಲ್ಲಿ ಬಿದ್ದಿಲ್ಲ. ಬೈಕಿನಿಂದ ಬಿದ್ದೆ."

ಆಕಾಶ ಕಳಚಿ ಬೀಳಲಿ ಎಂದು ಕಣ್ಣು ಮುಚ್ಚಿಕೊಂಡೆ. ಪುಟ್ಟತಾಯಮ್ಮ ಸೊಪ್ಪಿನಿಂದ ತಲೆ ಎತ್ತಿದರು. "ಅದ್ ನಮ್ಗೆ ಗೊತ್ತಿಲ್ವಾ ಮಗ? ನಿಮ್ಮವ್ವ ಬಚ್ಚಲು ಅಂದ್ರು, ನಾವೂ ಬಚ್ಚಲು ಅಂದೋ. ಇಮೆಗೆ ಬೈಕು ಬೇಕು ಅಂತ ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ?"

"ನೀವೇ ಎತ್ತಿ ಕೂರಿಸಿದೆ ಅಂದ್ರಲ್ಲಮ್ಮ!" ಎಂದರು ತನಿಖೆಯವರು.

"ಎತ್ತುದ್ದು ದಿಟವೇ ಸಾ. ಆಸ್ಪತ್ರೆಯಿಂದ ಬಂದಾಗ ಕಾರಿಂದ ಎತ್ತುದ್ದು. ದಡಾರ್ ಅಂದದ್ದು ಕಾರಿನ ಬಾಗ್ಲು."

ಆಮೇಲೆ ಬೀದಿಗೆ ಬೀದಿಯೇ ಹೇಳಿಕೆ ಕೊಡಲು ನಿಂತಿತು. ಶಿವಣ್ಣ ತೊಡೆ ತಟ್ಟಿ, "ಅವತ್ತು ಮೇಷ್ಟ್ರು ಸೊಟ್ಟ ಬೈಕ ತಳ್ಕಂಡು ನಮ್ಮಂಗ್ಡಿಗೇ ಬಂದ್ರು. ಹ್ಯಾಂಡ್ಲಲ್ಲಿ ಹುರುಳಿ ಬಳ್ಳಿ ಸುತ್ಕಂಡಿತ್ತು. ಇವ್ರ ಅವ್ವಾರ್ಗೆ ಸುದ್ದಿ ಮುಟ್ಸುದ್ದೇ ನಾನು" ಎಂದರು. ಅಮ್ಮ ಒಳಗಿನಿಂದ ಬಂದು, ಸೆರಗು ಹೊದ್ದು, "ಡಾಕ್ಟ್ರಿಗೆ ಸುಳ್ಳು ಹೇಳಿದ್ದು ನಾನು. ಬರ್ಕೊಳ್ಳಿ" ಎಂದು ಸಹಿ ಹಾಕಿದರು. ಅಷ್ಟಕ್ಕೇ ನಿಂತಿದ್ದರೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ತನಿಖೆಯವರು ಎದ್ದು ನಿಂತು, "ಒಟ್ಟು ಮೂರು ಸಲ ಬಂದಿದ್ದಾರೆ, ಅಲ್ವಾ?" ಎಂದರು.

"ಮೂರಾ?" ಶಿವಣ್ಣ ನಕ್ಕುಬಿಟ್ಟರು. "ಏಳು ಸಾ. ಗಿರಣಿ ತಾವ್ ಇಳ್ದು, ಸೆರಗಲ್ಲಿ ಮುಖ ಒರುಸ್ಕಂಡು, ಬಸ್ಸಲ್ಲಿ ಬಂದೋರಂಗೆ ಬತ್ತಿದ್ರು."

ಪರಿಹಾರ ಬಂತು. ಕಂಬಿ ತೆಗೆಸಿದ್ದಾಯಿತು. ಅಮ್ಮನ ಬಳೆಗಳಲ್ಲಿ ಒಂದು ಜೊತೆ ತಿರುಗಿ ಕೈಗೂ ಬಂತು. ಆದರೆ ಅವತ್ತು ತನಿಖೆಯವರು ಹೋದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಟ್ರಂಕಿನ ಬೀಗ ತೆಗೆದು ಡೈರಿ ತಿರುವಿದ್ದು. ಶಿವಣ್ಣನ ಲೆಕ್ಕ ತಪ್ಪೆಂದು ತೋರಿಸಬೇಕಿತ್ತು. ನಿಜವಾಗಿಯೂ ತಪ್ಪಾಗಿತ್ತು: ಏಳಲ್ಲ, ಎಂಟು. ಬೀದಿಯ ಕಣ್ಣು ತಪ್ಪಿಸಿದ ಆ ಒಂದು ಸಲ ಹೇಗೆ ಸಾಧಿಸಿದೆನೋ ಎಂದು ಹೆಮ್ಮೆಯಿಂದ ಆ ದಿನದ ಎರಡು ಸಾಲು ಓದಿದೆ. ಎರಡನೆಯ ಸಾಲಿನಲ್ಲಿ ಬರೆದಿತ್ತು: "ಸಂಜೆಯಿಂದ ಊರಲ್ಲೆಲ್ಲ ಕರೆಂಟಿಲ್ಲ."