ಐವತ್ಮೂರು ಬಿಳಿಗಣ್ಣಿನ ನೊಣಗಳು

ಖಾಲಿ ಬಾಟಲಿ ಕಂಡರೆ ಎರ್ಲಿಂಡಾ ಚಿಕ್ಕಮ್ಮನ ಕೈ ಸುಮ್ಮನಿರುವುದಿಲ್ಲ. ಖಾಲಿಯಲ್ಲದಿದ್ದರೆ ಖಾಲಿ ಮಾಡುತ್ತಾಳೆ. ಆ ಶುಕ್ರವಾರ ಬೆಳಿಗ್ಗೆ ಎಲಿಸಿಯೊ ನೋಡಿದಾಗ ಅವನ ಬಾಟಲಿಯ ತುಂಬ ಹಸಿಮೆಣಸಿನ ಚಟ್ನಿ, ಅವಳ ಸಾಲ್ಸಾ, ಇತ್ತು.

“ಚಿಕ್ಕಮ್ಮಾ, ಇದರಲ್ಲಿದ್ದ ನೊಣ ಎಲ್ಲಿ?”

“ಹೊರಗೆ ಓಡಿಸ್ದೆ. ಬಿಸಿನೀರಲ್ಲಿ ತೊಳೆದಿದೀನಿ, ಅಸಹ್ಯಪಡಬೇಡ. ನೊಣಾನೂ ಯಾರಾದ್ರೂ ಸಾಕ್ತಾರೇನೋ?”

ಸಾಕುತ್ತಾರೆ. ಕಮ್ಯುನಿಟಿ ಕಾಲೇಜಿನ ಜೀವಶಾಸ್ತ್ರದ ಪ್ರೊಫೆಸರ್ ವಾಂಗ್ ಮೇಡಂ ಎಲ್ಲರಿಗೂ ಒಂದೊಂದು ಬಾಟಲಿ ಹಣ್ಣಿನ ನೊಣ ಕೊಟ್ಟು, ಹುಟ್ಟಿದ ಮರಿಗಳಲ್ಲಿ ಕೆಂಪು ಕಣ್ಣಿನವೆಷ್ಟು, ಬಿಳಿ ಕಣ್ಣಿನವೆಷ್ಟು ಎಣಿಸಿ ತನ್ನಿ ಎಂದಿದ್ದರು. ಅಂದೇ ಮಧ್ಯಾಹ್ನ ಕೊನೆಯ ಗಡುವು. ಟೈರ್ ಅಂಗಡಿಯಲ್ಲಿ ದುಡಿಯುತ್ತ ನಾಲ್ಕು ವರ್ಷ ಓದಿದ ಎಲಿಸಿಯೊಗೆ ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಆದರೆ ಈ ತರಗತಿ ಪಾಸಾದರೆ ಮಾತ್ರ. ಪಾಪ, ಅವನ ಕಣ್ಣಲ್ಲಿ ನೀರೇ ಬಂತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಹಿರಿಯರು ದೋನ್ ಫೆರ್ಮಿನ್ ಇಣುಕಿದರು. ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪೆಟ್ಟಿಗೆ ಎಣಿಸಿ ನಿವೃತ್ತರಾದವರು.

“ನೊಣ ತಾನೆ? ಅಳ್ತಾರೇನೋ ಅದಕ್ಕೆ? ನಮ್ಮ ಬೀದೀಲಿ ಇನ್ನೇನಿದೆ?”

ಗಂಟೆಯೊಳಗೆ ಬೀದಿಗೆ ಬೀದಿಯೇ ಡಬ್ಬಿ ಹಿಡಿದು ಬಂತು. ಕೊಳೆತ ಪೀಚ್ ಹಣ್ಣಿನ ಸಮೇತ ತಂದವರು ಕೆಲವರು. ಎದುರುಮನೆಯ ಓಚೋವಾ ಅಮ್ಮ ಎರಡು ದೊಡ್ಡ ನೊಣ ತಂದು, “ದಪ್ಪ ಇದ್ರೆ ಮಾರ್ಕು ಜಾಸ್ತಿ ಕೊಡಲ್ವಾ?” ಎಂದರು. ಎಲಿಸಿಯೊ ಅವನ್ನು ಬದಿಗಿಟ್ಟು, ಉಳಿದವನ್ನು ಫ್ರಿಜ್ಜಿನಲ್ಲಿ ಮರಗಟ್ಟಿಸಿ, ತಟ್ಟೆಗೆ ಸುರಿದು, ಭೂತಗನ್ನಡಿ ಹಿಡಿದು ಎಣಿಸಿದ. ಕೆಂಪು ಇನ್ನೂರ ಹನ್ನೆರಡು, ಬಿಳಿ ಸೊನ್ನೆ.

“ಪುಸ್ತಕದಲ್ಲಿ ಏನಿದೆ?” ಎಂದರು ಫೆರ್ಮಿನ್.

“ನಾಲ್ಕಕ್ಕೆ ಒಂದು ಬಿಳಿ.”

“ಹಾಗಾದ್ರೆ ಐವತ್ಮೂರು ಬರಿ.”

“ಬೇಡ ದೋನ್ ಫೆರ್ಮಿನ್. ನಡೆದಿದ್ದು ಹೇಳ್ಬಿಡ್ತೀನಿ.”

“ಚಿಕ್ಕಮ್ಮ ನೊಣ ತೊಳೆದುಬಿಟ್ಳು ಅಂತಾನಾ? ಸೀಟು ಬೇಕೋ ಬೇಡ್ವೋ?”

ಬೇಕಿತ್ತು. ಎಲಿಸಿಯೊ ಕೆಂಪು ನೂರೈವತ್ತೊಂಬತ್ತು, ಬಿಳಿ ಐವತ್ಮೂರು ಎಂದು ಬರೆದ.

ತರಗತಿಯಲ್ಲಿ ಉಳಿದವರೆಲ್ಲ ಸಪ್ಪೆ ಮುಖ ಹಾಕಿಕೊಂಡು ಹಾಳೆ ಕೊಟ್ಟರು. ಎಲಿಸಿಯೊಗೆ ಅವರನ್ನು ಕಂಡು ಅಯ್ಯೋ ಎನಿಸಿತು. ಮೇಡಂ ಎಲ್ಲವನ್ನೂ ತಿರುವಿಹಾಕಿ ಕನ್ನಡಕ ತೆಗೆದರು.

“ಈ ಸಲ ನೊಣ ಕಳಿಸಿದೋರು ಬರೀ ಕೆಂಪು ಜಾತೀದೇ ಕಳಿಸಿಬಿಟ್ಟಿದ್ರು. ನನಗೆ ಆಮೇಲೆ ಗೊತ್ತಾಯ್ತು. ಕಂಡದ್ದು ಬರೀತೀರೋ, ಪುಸ್ತಕದ್ದು ಬರೀತೀರೋ ನೋಡೋಣ ಅಂತ ಸುಮ್ನಿದ್ದೆ. ಒಬ್ಬರು ಬಿಟ್ರೆ ಎಲ್ಲರೂ ಬಿಳಿ ಸೊನ್ನೆ ಅಂತ ಬರೆದಿದೀರಿ. ಸಂತೋಷ, ಹಾಗೆ ಬರೆದೋರೆಲ್ಲ ಪಾಸು.” ಒಂದು ಹಾಳೆ ಮಾತ್ರ ಅವರ ಕೈಯಲ್ಲೇ ಉಳಿದಿತ್ತು. “ಎಲಿಸಿಯೊ, ನಿಮ್ಮ ಐವತ್ಮೂರು ಎಲ್ಲಿಂದ ಬಂದ್ವು?”

ಸಂಜೆ ಚಿಕ್ಕಮ್ಮ ಕತೆ ಕೇಳಿದಳು; ಎಲಿಸಿಯೊ ಆ ತರಗತಿಗೆ ಮತ್ತೊಮ್ಮೆ ಕೂರಬೇಕಂತೆ. ಸಾಲ್ಸಾ ಬೇರೆ ಪಾತ್ರೆಗೆ ಸುರಿದು, ಬಾಟಲಿ ತೊಳೆದು, ಒರೆಸಿ ಅವನ ಮುಂದಿಟ್ಟಳು.

“ಮುಂದಿನ ಸಲಕ್ಕೆ ಇಟ್ಕೋ. ಇನ್ನು ಮುಟ್ಟಲ್ಲ.”

ಬೇಲಿಯಾಚೆಯಿಂದ ದೋನ್ ಫೆರ್ಮಿನ್ ಕೂಗಿದರು: “ಯೋಚನೆ ಮಾಡ್ಬೇಡ ಮಗಾ, ಬಿಳಿ ಕಣ್ಣಿಂದು ಎಲ್ಲಿ ಸಿಗುತ್ತೆ ಅಂತ ವಿಚಾರಿಸ್ತಾ ಇದೀನಿ.”