ಹೋರಿ ನಿಯಮದಡಿ ಗೆದ್ದ ಸುಂದರ ಪುರುಷನ ಮಾಲೀಕರು ಯಾರೆಂಬ ಬಗ್ಗೆ

ಸಂಖ್ಯೆ: ಗಂ.ಸೌಂ/ಹೋರಿ/ತಿದ್ದುಪಡಿ/ಮರುತಿದ್ದುಪಡಿ/11/2024-25

ಸುತ್ತೋಲೆ

ವಿಷಯ: ಅಂತರರಾಷ್ಟ್ರೀಯ ಪುರುಷ ಸೌಂದರ್ಯ ಸ್ಪರ್ಧೆಗೆ ನಾಲ್ಕು ತಾಲೂಕುಗಳಿಂದ ಒಬ್ಬ ಅಭ್ಯರ್ಥಿಯನ್ನು ಕಳುಹಿಸುವ ಹಾಗೂ ಸದರಿ ಅಭ್ಯರ್ಥಿಯ ಒಡೆತನವನ್ನು ಇತ್ಯರ್ಥಪಡಿಸುವ ಕುರಿತು.

ಉಲ್ಲೇಖ: 1) ಮುಂಬೈಯ ಪರವಾನಿಗೆದಾರರ ಪತ್ರ.
2) ಈ ಕಚೇರಿಯ ಹಿಂದಿನ ಸುತ್ತೋಲೆ (ಇದನ್ನು ಯಾರೂ ಮತ್ತೆ ಓದಬಾರದೆಂದು ವಿನಂತಿ).
3) ಸವಣೂರಿನ ಶ್ರೀಮತಿ ಅಖ್ತರುನ್ನೀಸಾ ಅವರು ಈ ಕಚೇರಿಯ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ, ಆದರೆ ಓಣಿಗೆಲ್ಲ ಕೇಳುವಂತೆ ಸಲ್ಲಿಸಿದ ತಕರಾರು.

ಪ್ರಸ್ತಾವನೆ:

ಜಗತ್ತಿನ ಅತಿ ಸುಂದರ ಗಂಡಸು ಯಾರೆಂದು ವರ್ಷಕ್ಕೊಮ್ಮೆ ತೀರ್ಮಾನಿಸುವ ಸಂಸ್ಥೆಯೊಂದಿದ್ದು, ಅದು ಪ್ರತಿ ದೇಶದಲ್ಲೂ ಒಬ್ಬ ಪರವಾನಿಗೆದಾರರನ್ನು ನೇಮಿಸುತ್ತದೆ. ಅವರು ದೇಶದೊಳಗೆ ಸ್ಪರ್ಧೆ ನಡೆಸಿ, ಒಬ್ಬನನ್ನು ಆರಿಸಿ, ದೇಶದ ಹೆಸರಿರುವ ಪಟ್ಟಿಯನ್ನು ಅವನ ಹೆಗಲಿಗೆ ಅಡ್ಡಲಾಗಿ ತೊಡಿಸಿ ವಿಮಾನ ಹತ್ತಿಸುತ್ತಾರೆ. ಅಲ್ಲಿ ಅವನು ಮುಚ್ಚಿದ ಕೋಣೆಯಲ್ಲಿ ತೀರ್ಪುಗಾರರೊಡನೆ ಮಾತನಾಡಿ, ಈಜುಡುಗೆಯಲ್ಲಿ ನಿಂತು, ಕೋಟು ತೊಟ್ಟು ನಡೆದು, ತನ್ನ ನಾಡಿನ ವೇಷ ಧರಿಸಿ, ಕೊನೆಗುಳಿದ ಕೆಲವರಲ್ಲಿ ಒಬ್ಬನಾದರೆ ಲೋಕದ ಕಷ್ಟಗಳ ಬಗ್ಗೆ ಒಂದು ಪ್ರಶ್ನೆಗೆ ನಗುನಗುತ್ತ ಉತ್ತರಿಸಬೇಕು. ಇದು ಅಲ್ಲಿನ ಪದ್ಧತಿ.

ದೊಡ್ಡ ಊರುಗಳ ಗಂಡಸರೆಲ್ಲ ಒಂದೇ ಥರ ಕಾಣತೊಡಗಿದ್ದಾರೆಂದು ಬೇಸತ್ತ ಮುಂಬೈಯ ಪರವಾನಿಗೆದಾರರು ಈ ಬಾರಿ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಒಬ್ಬ ಸುಂದರನನ್ನು ಕಳುಹಿಸುವಂತೆ ಕೋರಿದ್ದರು. ಸೌಂದರ್ಯವು ಯಾವ ಇಲಾಖೆಗೂ ಸೇರದ ವಿಷಯವಾದ್ದರಿಂದ ಪತ್ರವು ಮೇಜಿನಿಂದ ಮೇಜಿಗೆ ಅಲೆದು ಈ ಕಚೇರಿಗೆ ಬಂದು ಬಿದ್ದಿತು. ಗಂಡಿನ ಅಂದವನ್ನು ಅಳೆಯಲು ಈ ಕಚೇರಿಯಲ್ಲಿದ್ದ ನಿಯಮಾವಳಿ ಒಂದೇ: ದೀಪಾವಳಿಯ ಆಚೀಚೆ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಯದು. ಮೈತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಲು ಬಿಟ್ಟು, ಹಾರ ಹರಿಸಿಕೊಳ್ಳದೆ ದಾಟಿದ್ದನ್ನು ಗೆದ್ದಿತೆನ್ನುವ ಈ ಆಟವನ್ನು ಈ ಭಾಗದವರಿಗೆ ವಿವರಿಸುವ ಅಗತ್ಯವಿಲ್ಲ, ಮುಂಬೈಯವರಿಗಾಗಿ ವಿವರಿಸಲಾಗಿದೆ.

ಈ ಕಚೇರಿಯ ಗುಮಾಸ್ತರೂ, ಹಂಸಭಾವಿಯ ತಮ್ಮ ಮನೆಯಲ್ಲಿ ಹೋರಿ ಸಾಕಿದವರೂ ಆದ ಶ್ರೀ ಚನ್ನೇಶ ಅವರು ಸದರಿ ನಿಯಮಾವಳಿಯಲ್ಲಿ ಹೋರಿ ಎಂದಿದ್ದಲ್ಲೆಲ್ಲ ಪುರುಷ ಎಂದು ತಿದ್ದಿ, ಅದೇ ಮಧ್ಯಾಹ್ನ ಸಹಿಗೆ ಮಂಡಿಸಿದರು. ಸಹಿಯೂ ಆಯಿತು. ಊಟವಾದ ಮೇಲೆ ಹಾಕುವ ಸಹಿಗಳ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

ಹೀಗೆ ಅಕ್ಕಿಆಲೂರಿನ ಸಂತೆ ಬಯಲಿನಲ್ಲಿ ಆಯ್ಕೆ ನಡೆದು, ಸವಣೂರಿನ ವೀಳ್ಯದೆಲೆ ತೋಟದ ಕೆಲಸಗಾರ ಶ್ರೀ ಮುಬಶೀರ ಗೆದ್ದಿರುತ್ತಾರೆ. ಇವರನ್ನು ಮುಂಬೈಗೆ ಕಳುಹಿಸುವುದಿಲ್ಲವೆಂದು ಇವರ ತಾಯಿ, ಮನೆಯಲ್ಲೇ ಖಾರಾ ತಿಂಡಿ ಕರಿದು ಅಂಗಡಿಗಳಿಗೆ ಕೊಡುವ ಮೇಲ್ಕಾಣಿಸಿದ ಶ್ರೀಮತಿ ಅಖ್ತರುನ್ನೀಸಾ ಹಟ ಹಿಡಿದಿರುತ್ತಾರೆ. ಆದ ಪ್ರಯುಕ್ತ ಕೆಳಕಂಡಂತೆ ಸ್ಪಷ್ಟಪಡಿಸಲಾಗಿದೆ.

1. ವಯಸ್ಸು. ಅಭ್ಯರ್ಥಿಯ ವಯಸ್ಸನ್ನು ಹಲ್ಲು ನೋಡಿಯೇ ನಿರ್ಧರಿಸತಕ್ಕದ್ದು. ಜನನ ಪ್ರಮಾಣಪತ್ರ ತಂದವರನ್ನು ಅನುಮಾನದಿಂದ ನೋಡತಕ್ಕದ್ದು. ಎರಡು ಹಲ್ಲಿನವರು, ನಾಲ್ಕು ಹಲ್ಲಿನವರು, ಹಲ್ಲೆಲ್ಲ ಬಂದು ಬಾಯಿಗೂಡಿದವರು ಎಂಬ ಮೂರು ವಿಭಾಗಗಳಿದ್ದು, ಮೊದಲೆರಡು ವಿಭಾಗಗಳಿಗೆ ಯಾರೂ ಬಂದಿರುವುದಿಲ್ಲ. ಹಿರೇಕೆರೂರಿನ ಒಬ್ಬ ಅಜ್ಜನವರು ಮಾತ್ರ ಎರಡು ಹಲ್ಲಿನ ವಿಭಾಗದಲ್ಲಿ ಹಕ್ಕು ಮಂಡಿಸಿದ್ದು, ಅದು ಪರಿಶೀಲನೆಯಲ್ಲಿದೆ.

2. ಕೋಡು. ಕೋಡಿಗೆ ಮೀಸಲಾದ ಅಂಕಗಳನ್ನು ಮೀಸೆಗೆ ವರ್ಗಾಯಿಸಲಾಗಿದೆ. ಮೀಸೆ ಬೋಳಿಸಿಕೊಂಡು ಬಂದ ಶಿಗ್ಗಾಂವದ ಅಭ್ಯರ್ಥಿಗಳು ಅನ್ಯಾಯವೆಂದು ಕೂಗಿದ್ದರಿಂದ, ಜೆಲ್ ಹಚ್ಚಿ ಮೇಲಕ್ಕೆ ನಿಲ್ಲಿಸಿದ ತಲೆಗೂದಲನ್ನೂ ಕೋಡೆಂದೇ ಪರಿಗಣಿಸತಕ್ಕದ್ದು. ತುದಿಗೆ ಬಣ್ಣ ಹಚ್ಚಲು ಅಭ್ಯಂತರವಿಲ್ಲ. ಗೊಂಡೆ ಕಟ್ಟುವುದು ಅಭ್ಯರ್ಥಿಯ ಇಚ್ಛೆಗೆ ಬಿಟ್ಟದ್ದು.

3. ಈಜುಡುಗೆ ಸುತ್ತು. ಮೂಲ ನಿಯಮದಲ್ಲಿ ಇದಕ್ಕೆ ಹತ್ತಿರವಾದದ್ದು ಕೆರೆಯಲ್ಲಿ ಮೈ ತೊಳೆಯುವ ಕಾರ್ಯಕ್ರಮ. ಅದರಂತೆ ಅಭ್ಯರ್ಥಿಗಳನ್ನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಕೆರೆಗೆ ಇಳಿಸಿ, ಹುಲ್ಲಿನ ಸಿಂಬಿಯಿಂದ ಉಜ್ಜಲಾಗಿದೆ. ಕಚಗುಳಿ ತಾಳದೆ ನಕ್ಕವರ ನಗುವನ್ನು ನಗುಮುಖದ ಅಂಕಗಳಿಗೆ ಸೇರಿಸತಕ್ಕದ್ದಲ್ಲ.

4. ಉಡುಪು ಸುತ್ತು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೋಟು ಕಡ್ಡಾಯ, ಹೋರಿ ನಿಯಮದಲ್ಲಿ ಕೊಬ್ಬರಿ ಹಾರ ಕಡ್ಡಾಯ. ಎರಡನ್ನೂ ಗೌರವಿಸಿ, ಕೋಟಿನ ಮೇಲೆ ಕೊಬ್ಬರಿ ಹಾರ, ಬಲೂನು ಮತ್ತು ಜರಿ ರಿಬ್ಬನ್ನು ಕಟ್ಟತಕ್ಕದ್ದು. ಬಲೂನಿನ ಬಣ್ಣವು ಟೈಗೆ ಹೊಂದಿರಬೇಕು. ಹೊಂದದಿದ್ದಲ್ಲಿ ಟೈಯನ್ನು ಬಿಚ್ಚತಕ್ಕದ್ದು, ಬಲೂನನ್ನು ಬಿಚ್ಚುವಂತಿಲ್ಲ.

5. ನಡಿಗೆ. ಅಲ್ಲಿ ರ‍್ಯಾಂಪ್ ಎನ್ನುವುದನ್ನು ಇಲ್ಲಿ ಅಖಾಡವೆಂದು ಓದಿಕೊಳ್ಳತಕ್ಕದ್ದು. ಎರಡೂ ಕಡೆ ನೆರೆದ ಜನ ಹಾರಕ್ಕೆ ಕೈ ಹಾಕುವ ಹಕ್ಕು ಹೊಂದಿರುತ್ತಾರೆ. ಅಭ್ಯರ್ಥಿಗಳೆಲ್ಲ ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡಿದ್ದು, ಒಬ್ಬರ ಕೋಟಿನ ತೋಳು ಈವರೆಗೂ ಪತ್ತೆಯಾಗಿಲ್ಲ. ಶ್ರೀ ಮುಬಶೀರ ಮಾತ್ರ ಓಡಲಿಲ್ಲ. ನಡೆದರು. ತಂಗಿ ನುಜಹತ ಹೊಲಿದ, ಕೋಟೆಂದೇ ಪರಿಗಣಿಸಲಾದ ಶೇರವಾನಿಯಲ್ಲಿ, ಯಾವ ಅವಸರವೂ ಇಲ್ಲದೆ ನಡೆದರು. ಜನ ಹಾರಕ್ಕೆ ಕೈ ಹಾಕುವುದನ್ನು ಮರೆತು ದಾರಿ ಬಿಟ್ಟರು. ಒಂದು ತುಂಡು ಕೊಬ್ಬರಿಯೂ ಕಳೆದಿಲ್ಲವಾದ್ದರಿಂದ ಇವರನ್ನು ವಿಜೇತರೆಂದು ಘೋಷಿಸಲಾಗಿದೆ. ಅರ್ಜಿದಾರರಾದ ತಾಯಿ ಸಿಟ್ಟಿನಿಂದ ಮನೆಯಲ್ಲೇ ಉಳಿದಿದ್ದು, ಇದನ್ನು ನೋಡಿರುವುದಿಲ್ಲ.

6. ಹೆಗಲ ಪಟ್ಟಿ. ಪಟ್ಟಿಯ ಮೇಲೆ ಯಾವ ತಾಲೂಕಿನ ಹೆಸರಿರಬೇಕೆಂಬ ಜಗಳದ ಹಿನ್ನೆಲೆಯಲ್ಲಿ ನಾಲ್ಕೂ ಹೆಸರುಗಳನ್ನು ಬರೆಸಲಾಗಿದೆ. ಪಟ್ಟಿ ಉದ್ದವಾಗಿ ನೆಲಕ್ಕೆ ಎಳೆಯುತ್ತಿದ್ದು, ಹಿರೇಕೆರೂರು ಕಾಲಡಿಗೆ ಬೀಳುತ್ತದೆಂಬ ದೂರು ಬಂದ ಕಾರಣ, ಪ್ರತಿ ತಿರುವಿನಲ್ಲೂ ಪಟ್ಟಿಯನ್ನು ತಿರುಗಿಸಿ ತೊಡತಕ್ಕದ್ದು. ಆಡೂರಿನವರು ತಮ್ಮ ಊರು ಇವೆಲ್ಲಕ್ಕಿಂತ ಹಳೆಯದೆಂದು ಸೇರ್ಪಡೆ ಕೋರಿದ್ದಾರೆ. ಕಲ್ಲಿನ ಶಾಸನವನ್ನೇ ತಂದು ತೋರಿಸಲು ಸಿದ್ಧರಿದ್ದಾರೆ. ಭಾರದ ಕಾರಣ ನಿರಾಕರಿಸಲಾಗಿದೆ.

7. ಪ್ರಶ್ನೋತ್ತರ. ಹೋರಿ ಮಾತನಾಡುವುದಿಲ್ಲವಾದ್ದರಿಂದ ಪ್ರಶ್ನೆಗೆ ಮಾಲೀಕರೇ ಉತ್ತರಿಸತಕ್ಕದ್ದೆಂದು ಮೂಲ ನಿಯಮದಲ್ಲಿದೆ. ಬಹುಮಾನವೂ ಮಾಲೀಕರಿಗೇ. ಮಾಲೀಕರ ಒಪ್ಪಿಗೆ ಇಲ್ಲದೆ ಗೆದ್ದ ಹೋರಿ ತಾಲೂಕಿನ ಗಡಿ ದಾಟುವಂತಿಲ್ಲ, ಮತ್ತು ಗಡಿ ದಾಟುವ ಮುನ್ನ ಮಾಲೀಕರು ಎಲ್ಲರೆದುರು ತಮ್ಮ ಕೈಯಿಂದಲೇ ಹಗ್ಗ ಬಿಡತಕ್ಕದ್ದು. ಶ್ರೀ ಚನ್ನೇಶ ಅವರು ಈ ಕಲಮಿನಲ್ಲೂ ಪುರುಷ ಎಂದು ತಿದ್ದಿರುವುದರಿಂದ, ಶ್ರೀ ಮುಬಶೀರ ಮುಂಬೈಗೆ ಹೋಗಬೇಕಾದರೆ ಅವರ ಮಾಲೀಕರು ಯಾರೆಂದು ಗೊತ್ತಾಗಲೇಬೇಕು. ಮುಂಬೈಯ ಸುತ್ತು ಇದೇ ವಾರವಿದ್ದು, ಹೋಗದಿದ್ದಲ್ಲಿ ಪದ್ಧತಿಯಂತೆ ಎರಡನೇ ಸ್ಥಾನದವರನ್ನು ಕಳುಹಿಸಬೇಕಾಗುತ್ತದೆ. ಎರಡನೇ ಸ್ಥಾನದವರು ಕೋಟಿನ ತೋಳು ಕಳೆದುಕೊಂಡವರು.

8. ವಿಚಾರಣೆ. ಮಾಲೀಕತ್ವದ ಹಕ್ಕುದಾರರನ್ನು ಕಚೇರಿಗೆ ಕರೆಸಿ, ಹೇಳಿಕೆಗಳನ್ನು ಆಡಿದಂತೆಯೇ ದಾಖಲಿಸಲಾಗಿದೆ.

(ಅ) ಎಲೆತೋಟದ ಶ್ರೀ ಫಕ್ರುಸಾಬ: "ಸಣ್ಣಾಂವ ಇದ್ದಾಗಿಂದ ನನ್ನ ತ್ವಾಟದಾಗ ಬೆಳದಾನ್ರೀ. ನನ್ನ ಬಳ್ಳಿ, ನನ್ನ ಎಲಿ, ನನ್ನ ಹುಡುಗ. ಇಂವ ಹ್ವಾದ್ರ ಎಲಿ ಕೀಳಾವ್ರು ಯಾರು, ಕಟ್ಟು ಹೊರಾವ್ರು ಯಾರು?"

(ಆ) ಶಿಗ್ಗಾಂವದ ಗರಡಿಯ ಶ್ರೀ ಬಸವಣ್ಣೆಪ್ಪ: "ಮೈ ಅವಂದ ಇರಬಹುದ್ರಿ. ಆ ಮೈಯಾಗಿನ ಗಟ್ಟಿತನ ನಂದು. ಬೇಕಾದ್ರ ಹೆಗಲ ಮುಟ್ಟಿ ನೋಡ್ರಿ." ಕಚೇರಿ ಸಿಬ್ಬಂದಿ ಸರದಿಯಲ್ಲಿ ಮುಟ್ಟಿ ನೋಡಿ, ಗಟ್ಟಿ ಇರುವುದನ್ನು ದೃಢೀಕರಿಸಿದ್ದಾರೆ.

(ಇ) ಶ್ರೀಮತಿ ಅಖ್ತರುನ್ನೀಸಾ: "ಹೊತ್ತಾಕಿ ನಾನು, ಹೆತ್ತಾಕಿ ನಾನು. ನನ್ನ ಮಗ ಹೋರಿ ಅಲ್ಲ, ಯಾರಪ್ಪನ ಆಸ್ತೀನೂ ಅಲ್ಲ. ಚಡ್ಡಿ ಮ್ಯಾಲೆ ಜಗತ್ತಿನ ಮುಂದ ನಿಂದ್ರಸ್ತೀರೇನು? ನಾಳೆ ನುಜಹತನ್ನ ನೋಡಾಕ ಬಂದ ಗಂಡಿನಾವ್ರು, ನಿಮ್ಮ ಮಗನ್ನ ಚಡ್ಡಿಯಾಗ ನೋಡೇವಿ ಅಂದ್ರ ನಾ ಎಲ್ಲಿ ಮಾರಿ ಇಟಗೊಳ್ಳಲಿ? ಬ್ಯಾಡ ಅಂದ್ರ ಬ್ಯಾಡ್ರೀ!"

(ಈ) ಅಭ್ಯರ್ಥಿಗೆ ಮಾತನಾಡಲು ನಿಯಮದಲ್ಲಿ ಅವಕಾಶವಿಲ್ಲ. ಆದಾಗ್ಯೂ ಅವರು ತಾಯಿಯ ಕಡೆ ತಿರುಗಿ ಹೇಳಿದ್ದನ್ನು ಕಿವಿಗೆ ಬಿದ್ದ ಮಟ್ಟಿಗೆ ದಾಖಲಿಸಲಾಗಿದೆ: "ಅಮ್ಮಾ, ಒಂದ ಸಲ ಹೋಗಿ ಬರ್ತೇನಿ. ಗೆಲ್ಲತೇನಿ ಅಂತ ಏನೂ ಇಲ್ಲ. ಆದ್ರ ಅವತ್ತ ಆ ಬಯಲಾಗ ನಡದಾಗ, ನಾನೂ ಒಬ್ಬಾಂವ ಅದೇನಿ ಅನಿಸ್ತು. ಹಂಗ ಇನ್ನೊಂದ ಸಲ ಅನಿಸ್ಲಿ ಅಂತ ಆಸೆ." ತಾಯಿಯು ಸೆರಗು ಬಿಗಿದುಕೊಂಡು ಗೋಡೆ ನೋಡಿದ್ದಾರೆ.

9. ಸ್ಥಳ ಪರಿಶೀಲನೆ. ಮೂವರ ವಾದದಿಂದ ಏನೂ ತೀರ್ಮಾನವಾಗದೆ, ತಕರಾರಿಗೆ ಮೂಲವಾದ ನಡಿಗೆಯನ್ನೇ ಕಣ್ಣಾರೆ ಪರಿಶೀಲಿಸಲು ನಿರ್ಧರಿಸಿ, ಬಾಗಿಲಿನಿಂದ ಕಿಟಕಿಯವರೆಗೆ ನಡೆಯುವಂತೆ ಅಭ್ಯರ್ಥಿಗೆ ಸೂಚಿಸಲಾಯಿತು. ಕುರ್ಚಿಗಳನ್ನು ಸರಿಸಲಾಯಿತು. ಅಭ್ಯರ್ಥಿಯು ಚಪ್ಪಲಿ ಬಿಟ್ಟು, ಉಸಿರು ತುಂಬಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಡೆದರು. ಆ ಹೊತ್ತಿನಲ್ಲಿ ಕಚೇರಿಯಲ್ಲಿ ಯಾವ ಕೆಲಸವೂ ನಡೆದಿರುವುದಿಲ್ಲ. ಸಾಮಾನ್ಯ ದಿನಗಳಿಗಿಂತ ಇದು ಹೇಗೆ ಭಿನ್ನವೆಂದು ಮೇಲಧಿಕಾರಿಗಳು ಕೇಳಬಹುದಾಗಿದ್ದು, ಈ ಬಾರಿ ಕಾರಣವಿತ್ತೆಂದು ವಿನಯಪೂರ್ವಕವಾಗಿ ತಿಳಿಸಲಾಗಿದೆ. ಶ್ರೀ ಫಕ್ರುಸಾಬ ಬಾಯಿಯಲ್ಲಿನ ಎಲೆ ಅಗಿಯುವುದನ್ನು ನಿಲ್ಲಿಸಿದರು. ಶ್ರೀ ಚನ್ನೇಶ ಹೋರಿ ಓಡಿಸುವ ಅಭ್ಯಾಸಬಲದಿಂದ ಸೀಟಿ ಹೊಡೆದಿದ್ದು, ಅವರಿಗೆ ಎಚ್ಚರಿಕೆ ನೀಡಲಾಗಿದೆ.

10. ಅರ್ಜಿದಾರರ ಮರುಹೇಳಿಕೆ. ಶ್ರೀಮತಿ ಅಖ್ತರುನ್ನೀಸಾ ಗೋಡೆ ಬಿಟ್ಟು ಮಗನ ಕಡೆ ತಿರುಗಿದರು. ನಂತರ, ಯಾರೂ ಕೇಳದೆಯೇ, ಮೆಲುದನಿಯಲ್ಲಿ ಹೇಳಿದ್ದು: "ಇಂವ ಇಷ್ಟ ಎತ್ತರ ಅದಾನಂತ ನನಗ ಗೊತ್ತಿದ್ದಿಲ್ರೀ. ಅವರಪ್ಪ ಹ್ವಾದ ಮ್ಯಾಲೆ ನಾನ ಇವನ್ನ ತ್ವಾಟಕ್ಕ ಕಳಿಸಿದೆ. ಬಳ್ಳಿ ಸಾಲಿನಾಗ ಬಗ್ಗಿ, ಎಲಿ ಕಟ್ಟಿನ ಕೆಳಗ ಬಗ್ಗಿ, ಮನಿಗೆ ಬಂದ್ರ ನನ್ನ ಮುಂದೂ ಬಗ್ಗೇ ನಿಂದ್ರತಿದ್ದ. ನಾ ಇವನ್ನ ನೆಟ್ಟಗ ನೋಡೇ ಇಲ್ರೀ." ಆಮೇಲೆ ಎಂದಿನ ದನಿಯಲ್ಲಿ: "ಹೋಗಲಿ. ಹೋಗಿ ಹಿಂಗ ನಿಂದ್ರಲಿ. ಚಡ್ಡಿ ಮಾತ್ರ ಮೊಣಕಾಲ ಮುಚ್ಚಬೇಕು, ಅದನ್ನ ಅವರಿಗೆ ಬರದ ಕಳಸ್ರಿ."

11. ಆದೇಶ. ಮಾಲೀಕತ್ವದ ಎಲ್ಲ ಹಕ್ಕುಗಳನ್ನು ತಿರಸ್ಕರಿಸಲಾಗಿದೆ. ಶ್ರೀ ಮುಬಶೀರ ಯಾರ ಸ್ವತ್ತೂ ಅಲ್ಲವೆಂದೂ, ಒಪ್ಪಿಗೆ ಕೊಡತಕ್ಕವರು ತಾಯಿಯೆಂದೂ, ಅವರು ಕೊಟ್ಟಿದ್ದಾರೆಂದೂ ಈ ಮೂಲಕ ದಾಖಲಿಸಲಾಗಿದೆ. ಈಜುಡುಗೆಯು ಮೊಣಕಾಲು ಮುಚ್ಚುವಂತೆ ಜಗತ್ತಿನ ನಿಯಮವನ್ನು ತಿದ್ದತಕ್ಕದ್ದೆಂದು ಅಂತರರಾಷ್ಟ್ರೀಯ ಸಂಸ್ಥೆಗೆ ಸೂಚಿಸಲಾಗಿದೆ. ತಪ್ಪಿದಲ್ಲಿ ಸದರಿ ಸಂಸ್ಥೆಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

12. ಹಗ್ಗ ಬಿಡುವುದು. ನಿಯಮದಂತೆ ಇದನ್ನು ಸವಣೂರು ಬಸ್ ನಿಲ್ದಾಣದಲ್ಲಿ, ಹುಬ್ಬಳ್ಳಿ ಬಸ್ಸಿನ ಬಾಗಿಲ ಬಳಿ ನೆರವೇರಿಸಲಾಯಿತು. ಅಭ್ಯರ್ಥಿಗೆ ಹಗ್ಗವಿಲ್ಲದ ಕಾರಣ, ತಾಯಿಯು ಹಿಡಿದುಕೊಂಡಿದ್ದ ಕೈಯನ್ನೇ ಹಗ್ಗವೆಂದು ಪರಿಗಣಿಸಲಾಗಿದೆ. ಕಂಡಕ್ಟರರು ಸೀಟಿ ಊದಿದರೂ ಸದರಿಯವರು ಕೈ ಬಿಟ್ಟಿರುವುದಿಲ್ಲ. ಮತ್ತೊಮ್ಮೆ ಊದಿದರೂ ಬಿಟ್ಟಿರುವುದಿಲ್ಲ. ತರುವಾಯ ಬಿಟ್ಟಿದ್ದಾರೆ. ಈ ವಿಳಂಬಕ್ಕೆ ಯಾರಿಂದಲೂ ವಿವರಣೆ ಕೇಳತಕ್ಕದ್ದಲ್ಲ.

ಸಹಿ/-
(ಊಟಕ್ಕೆ ಮುಂಚೆ ಹಾಕಿದ್ದು)
ಕಚೇರಿ ಮುಖ್ಯಸ್ಥರು

ಪ್ರತಿಗಳು:
1. ಮುಂಬೈಯ ಪರವಾನಿಗೆದಾರರಿಗೆ, ಅಭ್ಯರ್ಥಿಯ ಹಲ್ಲು ನೋಡುವ ಅಗತ್ಯವಿಲ್ಲವೆಂಬ ಟಿಪ್ಪಣಿಯೊಂದಿಗೆ.
2. ಶ್ರೀ ಫಕ್ರುಸಾಬ ಅವರಿಗೆ. ಈ ವಾರ ಎಲೆಯನ್ನು ಸ್ವತಃ ಕೀಳತಕ್ಕದ್ದು.
3. ಶ್ರೀ ಬಸವಣ್ಣೆಪ್ಪ ಅವರಿಗೆ, ಸಮಾಧಾನಕ್ಕಾಗಿ.
4. ಎರಡನೇ ಸ್ಥಾನದವರಿಗೆ, ಪತ್ತೆಯಾದಲ್ಲಿ ತೋಳಿನೊಂದಿಗೆ.
5. ಶ್ರೀಮತಿ ಅಖ್ತರುನ್ನೀಸಾ ಅವರಿಗೆ. ತಮಗೆ ಕನ್ನಡ ಓದಲು ಬಾರದೆಂದು ತಿಳಿಸಿರುವುದರಿಂದ ಶ್ರೀ ಚನ್ನೇಶ ಮನೆಗೆ ಹೋಗಿ ಓದಿ ಹೇಳತಕ್ಕದ್ದು. ಖಾರಾ ಕೊಟ್ಟರೆ ಬೇಡವೆನ್ನಬಾರದು. ಹತ್ತನೇ ಕಲಮನ್ನು ಓದುವಾಗ ಅವರ ಮುಖ ನೋಡಬಾರದು.
6. ಶ್ರೀ ಮುಬಶೀರ ಅವರಿಗೆ. ಇವರು ಈಗಾಗಲೇ ಹೊರಟುಹೋಗಿರುವುದರಿಂದ ಪ್ರತಿಯು ಕಚೇರಿಯಲ್ಲೇ ಉಳಿದಿದೆ.